ಊರುಗೋಲು ಹಿಡಿದವರಿಗೆ ಅಗಲದ ಗೇಟು

ಮಾಲೂರು ಕಡೆಯ ಒಬ್ಬ ತಾಯಿ ನನ್ನಲ್ಲಿ ಮಂಡಿನೋವಿಗೆ ಚಿಕಿತ್ಸೆ ಪಡೆಯುತ್ತಾರೆ. ವಯಸ್ಸು ಅರವತ್ತೈದು ದಾಟಿದೆ. ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದಿಂದ ವಾಕರ್ ಹಿಡಿದು ನಡೆಯುತ್ತಾರೆ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ಮುಟ್ಟಿದ್ದರಿಂದ ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಆಗಾಗ ಹೋಗಿ ತೋರಿಸಿಕೊಳ್ಳಬೇಕಿತ್ತು. ಒಮ್ಮೆ ಔಷಧಿಗೆ ಬಂದಾಗ, "ಕಣ್ಣು ಹೇಗಿದೆ ಅಮ್ಮಾ, ಆಸ್ಪತ್ರೆಗೆ ಹೋಗಿಬಂದಿರಾ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. "ಇಲ್ಲ ಹಕೀಂ ಸಾಹೇಬ್, ಎರಡು ಸಲ ತಪ್ಪಿಸಿದೆ. ನನಗೆ ಆ ಗೇಟು ಅಂದರೆ ಭಯ" ಅಂದರು.

ನಡೆದದ್ದು ಇಷ್ಟು. ಮೆಟ್ರೊ ನಿಲ್ದಾಣದ ಟಿಕೆಟ್ ಗೇಟಿನಲ್ಲಿ ಮಗ ತನ್ನ ಕಾರ್ಡ್ ತೋರಿಸಿ ಮೊದಲು ದಾಟಿ ಹೋದ. ಆಚೆ ನಿಂತು ತಾಯಿಯ ಟೋಕನ್ ಮುಟ್ಟಿಸಿ, "ಬೇಗ ಬಾ ಅಮ್ಮಿ, ಹಿಂದೆ ಜನ ಇದ್ದಾರೆ" ಎಂದು ಕರೆದ. ತಾಯಿ ವಾಕರನ್ನು ಎತ್ತಿ ಮುಂದಿಟ್ಟರು. ಅದರ ಕಾಲು ಗೇಟಿನ ಪಕ್ಕದ ಪೆಟ್ಟಿಗೆಗೆ ತಗುಲಿ ನಿಂತಿತು. ಬುರ್ಖಾದ ಅಂಚು ಅದರ ಕಾಲಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಬಾಗಿದಾಗ ಗೇಟಿನ ರೆಕ್ಕೆಗಳು ಮುಚ್ಚಿಕೊಂಡವು. ಅವರು ಬೀಳಲಿಲ್ಲ, ಅಲ್ಲಾಹನ ಕೃಪೆ. ಮುಂಗೈ ಮೇಲೆ ತರಚು ಗಾಯ ಆಯಿತು, ಅಷ್ಟೆ. ಆದರೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ. ಅಂದಿನಿಂದ ಅವರು ಮನೆ ಬಿಟ್ಟು ಹೊರಡಲಿಲ್ಲ.

ತಪ್ಪು ಯಂತ್ರದ್ದಲ್ಲ, ಮಗನ ಪ್ರೀತಿಯಲ್ಲೂ ಕೊರತೆ ಇರಲಿಲ್ಲ. ಅವಸರವಿತ್ತು, ತಿಳಿವಳಿಕೆ ಇರಲಿಲ್ಲ. ಈ ಎರಡನ್ನು ಸರಿಮಾಡಿಕೊಂಡರೆ ಊರುಗೋಲು, ವಾಕರ್, ವೀಲ್‌ಚೇರ್ ಬಳಸುವವರು ಯಾವ ಗೇಟನ್ನಾದರೂ ಸುರಕ್ಷಿತವಾಗಿ ದಾಟಬಹುದು. ಈ ತಿಂಗಳು ಅದನ್ನೇ ವಿವರವಾಗಿ ನೋಡೋಣ.

ನಮಗೆ ಈ ಗೇಟು ಎದುರಾಗುವುದು ಎಲ್ಲಿ?

ನಮ್ಮ ಮಾಲೂರು, ಕೋಲಾರ, ಶ್ರೀನಿವಾಸಪುರದ ರೈಲು ನಿಲ್ದಾಣಗಳಲ್ಲಿ ತಾನಾಗಿ ತೆರೆದು ಮುಚ್ಚುವ ಟಿಕೆಟ್ ಗೇಟುಗಳಿಲ್ಲ. ಮುಳಬಾಗಿಲಿಗಂತೂ ರೈಲೇ ಇಲ್ಲ. ಆದ್ದರಿಂದ ನಮ್ಮ ಹಿರಿಯರಿಗೆ ಈ ಗೇಟಿನ ಅಭ್ಯಾಸವಿಲ್ಲ. ಆದರೆ ಆಸ್ಪತ್ರೆ, ಮದುವೆ, ಮಕ್ಕಳ ಮನೆ ಎಂದು ಬೆಂಗಳೂರಿಗೆ ಹೋಗದ ಕುಟುಂಬ ನಮ್ಮಲ್ಲಿ ಕಡಿಮೆ.

ಮಾಲೂರಿನವರು ಬಂಗಾರಪೇಟೆ ಕಡೆಯಿಂದ ಬರುವ ರೈಲಿನಲ್ಲಿ ವೈಟ್‌ಫೀಲ್ಡ್ ಅಥವಾ ಕೆ.ಆರ್.ಪುರದಲ್ಲಿ ಇಳಿದು ಮೆಟ್ರೊ ಹಿಡಿಯುತ್ತಾರೆ. ಮುಳಬಾಗಿಲು, ಕೋಲಾರದ ಬಸ್ಸುಗಳು ಹೊಸಕೋಟೆ ದಾಟಿ ಕೆ.ಆರ್.ಪುರದ ಮೇಲೆಯೇ ಹೋಗುತ್ತವೆ. ಅಲ್ಲಿ ಇಳಿದರೂ ಮೆಟ್ರೊ ಸಿಗುತ್ತದೆ. ಶ್ರೀನಿವಾಸಪುರದವರು ಕೋಲಾರಕ್ಕೋ ಚಿಂತಾಮಣಿಗೋ ಬಂದು ಅಲ್ಲಿಂದ ಮುಂದೆ ಸಾಗುತ್ತಾರೆ. ಬೆಂಗಳೂರಿನಲ್ಲಿ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ವರೆಗಿನ ಹಾದಿ ತೆರೆಯಿತು. ಅದೇ ಅಕ್ಟೋಬರ್‌ನಲ್ಲಿ ನಡುವಿನ ತುಂಡೂ ಸೇರಿ ನೇರಳೆ ಮಾರ್ಗ ಪೂರ್ತಿಯಾಯಿತು. ಅಲ್ಲಿಂದ ಈಚೆಗೆ ನಮ್ಮ ಜಿಲ್ಲೆಯವರಿಗೆ ಈ ಗೇಟು ದಿನನಿತ್ಯದ ಮಾತಾಗಿದೆ.

ಗೇಟು ಹೇಗೆ ಕೆಲಸ ಮಾಡುತ್ತದೆ?

ಎರಡು ಉದ್ದನೆಯ ಪೆಟ್ಟಿಗೆಗಳ ನಡುವೆ ಒಬ್ಬರು ಹಾದುಹೋಗುವಷ್ಟು ದಾರಿ. ಮಧ್ಯೆ ರೆಕ್ಕೆಯಂಥ ಎರಡು ಪಟ್ಟಿಗಳು. ಕಾರ್ಡ್ ಅಥವಾ ಟೋಕನ್ ಮುಟ್ಟಿಸಿದರೆ, ಇಲ್ಲವೇ ಮೊಬೈಲಿನ ಕ್ಯೂಆರ್ ಟಿಕೆಟ್ ತೋರಿಸಿದರೆ ರೆಕ್ಕೆಗಳು ಪೆಟ್ಟಿಗೆಯೊಳಗೆ ಸರಿಯುತ್ತವೆ. ಪೆಟ್ಟಿಗೆಯ ಪಕ್ಕದಲ್ಲಿ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳಿರುತ್ತವೆ. ಒಬ್ಬರು ಒಳಗೆ ಬಂದರು, ಒಬ್ಬರು ದಾಟಿದರು ಎಂದು ಗೇಟು ತಿಳಿಯುವುದು ಆ ಕಿರಣಗಳಿಗೆ ಅಡ್ಡವಾದಾಗ. ಒಬ್ಬರು ದಾಟಿದೊಡನೆ ಮುಚ್ಚುವುದು ಅದರ ಕೆಲಸ. ಒಂದೇ ಟಿಕೆಟಿನಲ್ಲಿ ಇಬ್ಬರು ಹೋಗಬಾರದಲ್ಲ?

ತೊಂದರೆ ಬರುವುದು ಇಲ್ಲೇ. ಈ ಗೇಟು ಎರಡೂ ಕೈ ಬೀಸಿಕೊಂಡು ನಡೆಯುವವರ ನಡಿಗೆಗೆ ಹೊಂದಿಸಿದ್ದು. ವಾಕರ್ ಮೊದಲು ಹೋಗುತ್ತದೆ, ಮನುಷ್ಯ ಆಮೇಲೆ ಹೋಗುತ್ತಾನೆ. ನಡುವೆ ಜೊತೆಗಿದ್ದವರು ನುಗ್ಗಿದರೆ, ಅಥವಾ ಹಿಡಿದವರು ನಿಂತು ಹಿಂದಕ್ಕೆ ಸರಿದರೆ ಗೇಟಿನ ಲೆಕ್ಕ ತಪ್ಪಬಹುದು. ಜೊತೆಗೆ ಸಾಮಾನ್ಯ ಗೇಟಿನ ದಾರಿ ಕಿರಿದು. ವಾಕರಿನ ಕಾಲುಗಳು ಎರಡೂ ಪಕ್ಕಕ್ಕೆ ತಗುಲುತ್ತವೆ.

ಆದ್ದರಿಂದಲೇ ಗೇಟುಗಳ ಸಾಲಿನಲ್ಲಿ ಒಂದು ಅಗಲದ ಗೇಟು ಇರುತ್ತದೆ. ಅದರ ಮೇಲೆ ವೀಲ್‌ಚೇರ್ ಚಿತ್ರ ಬರೆದಿರುತ್ತದೆ. ಸಾಮಾನ್ಯವಾಗಿ ಅದು ಸಾಲಿನ ಒಂದು ತುದಿಗೆ, ಸಿಬ್ಬಂದಿ ಕೂರುವ ಕೌಂಟರಿನ ಹತ್ತಿರ ಇರುತ್ತದೆ. ಇದು ವೀಲ್‌ಚೇರ್‌ನವರಿಗೆ ಮಾತ್ರ ಎಂದು ನಮ್ಮವರು ತಿಳಿದಿದ್ದಾರೆ. ಹಾಗಲ್ಲ. ವಾಕರ್, ಕಂಕುಳ ಕೋಲು, ಊರುಗೋಲು, ಆಪರೇಷನ್ ಆದ ಕಾಲು, ಪಾರ್ಶ್ವವಾಯುವಿನಿಂದ ಎಳೆಯುವ ಕಾಲು ಇರುವ ಎಲ್ಲರೂ ಆ ಗೇಟಿಗೇ ಹೋಗಬೇಕು. ನಾಲ್ಕು ಹೆಜ್ಜೆ ಹೆಚ್ಚಾದರೂ ಅದೇ ಸರಿ.

ಹೊರಡುವ ಮುನ್ನ ಮನೆಯಲ್ಲಿ

ಗೇಟಿನ ಸುರಕ್ಷತೆ ಅರ್ಧ ಮನೆಯಲ್ಲೇ ಆಗುತ್ತದೆ.

ಕೋಲಿನ ಎತ್ತರ ನೋಡಿ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟರೆ ಹಿಡಿ ಮಣಿಕಟ್ಟಿನ ಗೆರೆಯ ಹತ್ತಿರ ಬರಬೇಕು. ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ತೀರಿಹೋದ ಅಬ್ಬಾನ ಕೋಲನ್ನೇ ಅಮ್ಮಿಗೆ ಕೊಡುವ ಮನೆಗಳು ಬಹಳ. ಅಬ್ಬಾ ಎತ್ತರ, ಅಮ್ಮಿ ಕುಳ್ಳಗೆ. ಅಳತೆ ಮೀರಿದ ಕೋಲು ಆಸರೆಯಾಗುವುದಿಲ್ಲ, ಎಡವಿಸುತ್ತದೆ.

ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಬಲಮಂಡಿ ನೋವಾದರೆ ಎಡಗೈಯಲ್ಲಿ ಕೋಲು. ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ, ಆಮೇಲೆ ಗಟ್ಟಿ ಕಾಲು. ನನ್ನಲ್ಲಿಗೆ ಬರುವವರಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ತುದಿಯ ರಬ್ಬರ್ ತಿರುಗಿಸಿ ನೋಡಿ. ಅದರ ಗೆರೆಗಳು ಸವೆದು ನುಣುಪಾಗಿದ್ದರೆ ಬದಲಿಸಿ. ನಿಲ್ದಾಣದ ನೆಲ ನುಣುಪು ಕಲ್ಲಿನದು. ಆಗ ತಾನೇ ಒರೆಸಿದ್ದರೆ ಹೊಸ ರಬ್ಬರೂ ಜಾರುತ್ತದೆ, ಸವೆದದ್ದರ ಮಾತೇನು?

ಬುರ್ಖಾ, ದುಪಟ್ಟಾ, ಲುಂಗಿಯ ಅಂಚು ಪಾದದ ಗಂಟಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ವಾಕರ್ ಹಿಡಿದ ಹೆಂಗಸರ ಬುರ್ಖಾವನ್ನು ಎರಡು ಬೆರಳಷ್ಟು ಮೇಲೆ ಮಡಚಿ ಹೊಲಿಸಿ, ಒಳಗೆ ಪೈಜಾಮ ಇರಲಿ. ಪರ್ದಾಕ್ಕೂ ಕೊರತೆಯಿಲ್ಲ, ಕಾಲಿಗೂ ತೊಡಕಿಲ್ಲ. ವೀಲ್‌ಚೇರ್‌ನಲ್ಲಿ ಕೂತವರ ದುಪಟ್ಟಾ ಗಾಲಿಯ ಕಡೆ ಇಳಿಯದಂತೆ ಮಡಿಲಿನಲ್ಲಿ ಸೇರಿಸಿ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸಡಿಲ ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ.

ಚೀಲ ಕೈಯಲ್ಲಿ ಬೇಡ. ಕೋಲು ಹಿಡಿದವರ ಇನ್ನೊಂದು ಕೈ ಖಾಲಿ ಇರಬೇಕು. ಕುತ್ತಿಗೆಗೆ ಅಡ್ಡಲಾಗಿ ಹಾಕುವ ಸಣ್ಣ ಚೀಲದಲ್ಲಿ ಕಾರ್ಡ್, ಮಾತ್ರೆ, ನೀರು, ಎರಡು ಖರ್ಜೂರ ಇರಲಿ. ಹಸಿದ ಹೊಟ್ಟೆಯಲ್ಲಿ ಸಕ್ಕರೆ ಇಳಿದು ತಲೆ ಸುತ್ತಿದರೆ ಗೇಟಿನಲ್ಲಿ ಮಾತ್ರವಲ್ಲ, ಎಲ್ಲೂ ಬೀಳಬಹುದು.

ತಪಾಸಣೆಯಲ್ಲಿ

ಟಿಕೆಟ್ ಗೇಟಿಗೆ ಮೊದಲು ಭದ್ರತಾ ತಪಾಸಣೆ ಇರುತ್ತದೆ. ಚೀಲ ಯಂತ್ರದೊಳಗೆ ಹೋಗುತ್ತದೆ, ನಾವು ಲೋಹ ಹುಡುಕುವ ಚೌಕಟ್ಟಿನ ಮೂಲಕ ಹೋಗುತ್ತೇವೆ. ವಾಕರ್ ಲೋಹದ್ದು, ಬದಲಿಸಿದ ಮಂಡಿಯೂ ಲೋಹದ್ದು. ಸದ್ದು ಬಂದರೆ ಗಾಬರಿ ಬೇಡ. "ಮಂಡಿ ಆಪರೇಷನ್ ಆಗಿದೆ", "ಹೃದಯಕ್ಕೆ ಪೇಸ್‌ಮೇಕರ್ ಇದೆ" ಎಂದು ಮೊದಲೇ ಹೇಳಿ. ಕೈಯಿಂದ ತಪಾಸಣೆ ಮಾಡುತ್ತಾರೆ. ಹೆಂಗಸರಿಗೆ ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ಊರುಗೋಲನ್ನು ಯಂತ್ರಕ್ಕೆ ಹಾಕಲು ಹೇಳಿದರೆ, "ಇದಿಲ್ಲದೆ ನಿಲ್ಲಲಾರೆ, ಕೂರಲು ಕುರ್ಚಿ ಕೊಡಿ" ಎಂದು ಕೇಳಿ. ಕೋಲು ಕೊಟ್ಟು ಗೋಡೆ ಹಿಡಿದು ನಿಲ್ಲುವ ಸಾಹಸ ಬೇಡ.

ಗೇಟಿನಲ್ಲಿ: ಕ್ರಮ ತಪ್ಪಬೇಡಿ

ಮೊದಲಿಗೆ ಪಕ್ಕಕ್ಕೆ ನಿಂತು ಉಸಿರು ತೆಗೆದುಕೊಳ್ಳಿ. ರೈಲೊಂದು ಬಂದು ಜನ ಹೊರಬರುತ್ತಿದ್ದರೆ ಅವರು ಕರಗುವವರೆಗೆ ಕಾಯಿರಿ. ಒಂದು ರೈಲು ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಇನ್ನೊಂದು ಬರುತ್ತದೆ.

ಕೌಂಟರಿನ ಸಿಬ್ಬಂದಿಗೆ ತಿಳಿಸಿ. ಅಗಲದ ಗೇಟು ಕೆಲಸ ಮಾಡದಿದ್ದರೆ ಪಕ್ಕದಲ್ಲಿ ಕೈಯಿಂದ ತೆರೆಯುವ ಬಾಗಿಲು ತೆರೆಯಲು ಹೇಳಿ. ನಡೆಯಲು ಕಷ್ಟವಾದರೆ ನಿಲ್ದಾಣದ ವೀಲ್‌ಚೇರ್ ಕೇಳಿ ಪಡೆಯಬಹುದು.

ಒಬ್ಬರಿಗೆ ಒಂದು ಟಿಕೆಟ್. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ಎರಡೂ ಕಾರ್ಡು ಜೊತೆಗಿರುವವರ ಕೈಯಲ್ಲಿರಲಿ, ಆದರೆ ಅವರು ಹಿಂದೆ ನಿಲ್ಲಬೇಕು. ನನ್ನ ರೋಗಿಯ ಮಗ ತಪ್ಪಿದ್ದು ಇಲ್ಲೇ. ಹಿರಿಯರ ಕಾರ್ಡನ್ನು ಮೊದಲು ಮುಟ್ಟಿಸಿ. ರೆಕ್ಕೆ ಪೂರ್ತಿ ತೆರೆದದ್ದನ್ನು ನೋಡಿ, "ಈಗ ನಡೆಯಿರಿ" ಎನ್ನಿ. ಅವರು ಪೂರ್ತಿ ದಾಟಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತ ಮೇಲೆ ನಿಮ್ಮ ಕಾರ್ಡ್ ಮುಟ್ಟಿಸಿ. ಹಿಂದಿನಿಂದ ತಳ್ಳಬೇಡಿ, ಮುಂದಿನಿಂದ ಕೈ ಹಿಡಿದು ಎಳೆಯಬೇಡಿ. ಕೈ ಎಳೆದರೆ ಕೋಲಿನ ಆಸರೆ ತಪ್ಪುತ್ತದೆ. ಪಾರ್ಶ್ವವಾಯು ಆದ ಕೈಯಾದರೆ ಭುಜದ ಕೀಲು ನೋಯುತ್ತದೆ.

ಊರುಗೋಲಿನವರು ಕೋಲನ್ನು ದೇಹಕ್ಕೆ ಹತ್ತಿರ ಇಟ್ಟುಕೊಂಡು ನಡೆಯಲಿ. ಪಕ್ಕಕ್ಕೆ ಚಾಚಿದರೆ ಪೆಟ್ಟಿಗೆಗೆ ತಗುಲುತ್ತದೆ. ವಾಕರಿನವರು ಕಾರ್ಡ್ ಮುಟ್ಟಿಸುವ ಮೊದಲೇ ವಾಕರನ್ನು ದಾರಿಗೆ ನೇರವಾಗಿ ಇಟ್ಟು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ನಿಲ್ಲದೆ ಸಾಗಲಿ. ವೀಲ್‌ಚೇರ್‌ನಲ್ಲಿರುವವರ ಪಾದ ಪಟ್ಟಿಯ ಮೇಲೆ, ಕೈ ಮಡಿಲಿನಲ್ಲಿ, ಮೊಣಕೈ ಒಳಗೆ ಇರಲಿ. ಕುರ್ಚಿಯ ಹಿಂದೆ ಭಾರದ ಚೀಲ ನೇತುಹಾಕಬೇಡಿ, ಕೂತವರು ಎದ್ದಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ರೆಕ್ಕೆ ಮುಚ್ಚಿಕೊಂಡರೆ? ನಿಂತುಬಿಡಿ. ದೂಡಬೇಡಿ, ಹಿಂದಕ್ಕೆ ಜಿಗಿಯಬೇಡಿ, ಬಾಗಿ ಬಟ್ಟೆ ಬಿಡಿಸಬೇಡಿ. ಕೋಲಿನ ಮೇಲೆ ಭಾರ ಹಾಕಿ ನಿಂತು, ಗಟ್ಟಿಯಾಗಿ ಸಿಬ್ಬಂದಿಯನ್ನು ಕರೆಯಿರಿ. ಅವರು ತೆರೆಯುತ್ತಾರೆ. ಜೊತೆಗಿರುವವರು ಹಿಂದಿನ ಸಾಲನ್ನು ತಡೆದು ಸೊಂಟದ ಹತ್ತಿರ ಆಸರೆ ಕೊಡಲಿ.

ಗೇಟು ದಾಟಿದ ಮೇಲೆ

ಮೇಲೆ ಹೋಗಲು ಲಿಫ್ಟ್ ಬಳಸಿ. ಓಡುವ ಮೆಟ್ಟಿಲು, ಅಂದರೆ ಎಸ್ಕಲೇಟರ್, ಕೋಲಿನವರಿಗೂ ವಾಕರಿನವರಿಗೂ ಬೇಡವೇ ಬೇಡ. ಗೇಟಿನಲ್ಲಿ ತರಚು ಗಾಯವಾದರೆ ಅಲ್ಲಿ ಮೂಳೆ ಮುರಿದೀತು. ಮೆಟ್ಟಿಲನ್ನೇ ಹತ್ತಬೇಕಾಗಿ ಬಂದರೆ ಒಂದು ಕೈ ಕಂಬಿಯ ಮೇಲಿರಲಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ವೀಲ್‌ಚೇರನ್ನು ರೈಲಿಗೆ ಹತ್ತಿಸುವಾಗ ತುಸು ಹಿಂದಕ್ಕೆ ವಾಲಿಸಿ, ಮುಂದಿನ ಚಿಕ್ಕ ಗಾಲಿಗಳು ಸಂದಿಗೆ ಬೀಳದಂತೆ ದಾಟಿಸಿ. ಒಳಗೆ ಬ್ರೇಕ್ ಹಾಕಿ.

ವಿಕ್ಟೋರಿಯಾ, ಮಿಂಟೊ, ವಾಣಿವಿಲಾಸ ಆಸ್ಪತ್ರೆಗಳಿಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯುತ್ತಾರೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಲು ಟಿಕೆಟ್ ಗೇಟು ದಾಟಬೇಕಿಲ್ಲ. ಒಳಗೊಳಗೇ ಲಿಫ್ಟ್ ಇದೆ. ತಿಳಿಯದೆ ಹೊರಗೆ ಬಂದರೆ ಹಿರಿಯರಿಗೆ ಎರಡು ಗೇಟಿನ ಶ್ರಮ ಹೆಚ್ಚು.

ಹೊರಬರುವಾಗ ಕಾರ್ಡನ್ನು ಮತ್ತೆ ಮುಟ್ಟಿಸಬೇಕು. ಟೋಕನ್ ಆದರೆ ಸೀಳಿನೊಳಗೆ ಹಾಕಬೇಕು. ಟೋಕನ್ ಕೈಜಾರಿದರೆ ಕೋಲು ಹಿಡಿದವರು ಬಾಗಿ ಹೆಕ್ಕುವಂತಿಲ್ಲ. ಅದಕ್ಕೇ ಹಿರಿಯರಿಗೆ ಟೋಕನ್‌ಗಿಂತ ಕಾರ್ಡ್ ಮೇಲು.

ನಮ್ಮ ಊರಿನ ನಿಲ್ದಾಣಗಳಲ್ಲಿ

ಇಲ್ಲಿ ಯಂತ್ರದ ಗೇಟಿಲ್ಲ, ಆದರೆ ಅಪಾಯ ಕಡಿಮೆಯಿಲ್ಲ. ರೈಲು ಬಂದೊಡನೆ ಎಲ್ಲರೂ ಒಂದೇ ಬಾಗಿಲಿನತ್ತ ನುಗ್ಗುತ್ತಾರೆ. ಕೋಲಿನವರು ಐದು ನಿಮಿಷ ಬೆಂಚಿನ ಮೇಲೆ ಕೂತು, ಜನ ಹೋದ ಮೇಲೆ ಹೊರಡಲಿ. ಟಿಕೆಟ್ ಮೊಬೈಲಿನಲ್ಲೇ ಪಡೆದರೆ ಸಾಲಿನಲ್ಲಿ ನಿಲ್ಲುವ ಕೆಲಸ ತಪ್ಪುತ್ತದೆ. ಮೇಲ್ಸೇತುವೆಯ ಮೆಟ್ಟಿಲು ಹೆಚ್ಚೆಂದು ಹಳಿ ದಾಟುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ. ಜಲ್ಲಿಕಲ್ಲಿನ ಮೇಲೆ ಊರುಗೋಲು ನಿಲ್ಲುವುದೇ ಇಲ್ಲ. ಮೊದಲೇ ಸ್ಟೇಷನ್ ಮಾಸ್ತರರನ್ನು ಕಂಡು ಸಹಾಯ ಕೇಳಿ. ರೈಲ್ವೆಯ ಸಹಾಯವಾಣಿ 139.

ಬಿದ್ದರೆ ಏನು ಮಾಡಬೇಕು?

ಯುನಾನಿ ವೈದ್ಯನಾಗಿ ಇದನ್ನು ಒತ್ತಿ ಹೇಳುತ್ತೇನೆ. ಬಿದ್ದವರನ್ನು ತಕ್ಷಣ ಎತ್ತಿ ನಿಲ್ಲಿಸಬೇಡಿ. ಎಲ್ಲಿ ನೋವು ಎಂದು ಕೇಳಿ. ತೊಡೆಸಂದಿಯಲ್ಲಿ ನೋವು, ಕಾಲು ಊರಲಾಗದಿರುವುದು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಾಣುವುದು ಸೊಂಟದ ಕೀಲಿನ ಮೂಳೆ ಮುರಿದ ಗುರುತು. ಇಂಥವರನ್ನು ಹಕೀಮರ ಬಳಿಗೂ, ನಾಟಿ ವೈದ್ಯರ ಬಳಿಗೂ ತರಬೇಡಿ. 108ಕ್ಕೆ ಕರೆಮಾಡಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆ ಹಚ್ಚಿ ತಿಕ್ಕುವುದು, ಬಿಗಿಯಾಗಿ ಕಟ್ಟುವುದು ಮುರಿದ ಮೂಳೆಯನ್ನು ಇನ್ನಷ್ಟು ಕೆಡಿಸುತ್ತದೆ. ನಮ್ಮ ದಲ್ಕ್, ಅಂದರೆ ಮಾಲೀಸು, ಒಳ್ಳೆಯ ಚಿಕಿತ್ಸೆ; ಆದರೆ ಮುರಿತವಿಲ್ಲ ಎಂದು ಖಚಿತವಾದ ಮೇಲೆ ಮಾತ್ರ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ಅದೇ ದಿನ ತೋರಿಸಿ.

ಮನೆಗೆ ಬಂದ ಮೇಲೆ

ನಿಲ್ದಾಣ, ಶೌಚಾಲಯ, ರಸ್ತೆ ಎಲ್ಲ ಸುತ್ತಿದ ಕೋಲಿನ ತುದಿ ಮತ್ತು ಗಾಲಿಗಳು ನಮ್ಮ ಚಪ್ಪಲಿಯಂತೆಯೇ ಕೊಳೆಯಾಗಿರುತ್ತವೆ. ಚಪ್ಪಲಿ ಬಾಗಿಲಲ್ಲಿ ಬಿಡುವ ನಾವು ಕೋಲನ್ನು ಹಾಸಿಗೆಗೆ ಒರಗಿಸಿ ಇಡುತ್ತೇವೆ! ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತುದಿ, ಗಾಲಿ, ಹಿಡಿ ಮೂರನ್ನೂ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಒದ್ದೆ ರಬ್ಬರ್ ಮನೆಯ ನೆಲದಲ್ಲಿ ಜಾರುತ್ತದೆ. ಮಸೀದಿಗೆ ಕೋಲು, ವೀಲ್‌ಚೇರ್ ತರುವವರಿಗಾಗಿ ಬಾಗಿಲಲ್ಲಿ ಒಂದು ಬಕೆಟ್ ನೀರು, ಎರಡು ಬಟ್ಟೆ ಇಟ್ಟರೆ ಶುಚಿತ್ವವೂ ಉಳಿಯುತ್ತದೆ, ಹಿರಿಯರು ಬಾಗಿಲಲ್ಲಿ ಹಿಂಜರಿಯುವುದೂ ತಪ್ಪುತ್ತದೆ.

ಕೇಳುವುದು ಭಿಕ್ಷೆಯಲ್ಲ

ಯುನಾನಿಯಲ್ಲಿ ಆರೋಗ್ಯಕ್ಕೆ ಬೇಕೇ ಬೇಕಾದ ಆರು ಅಂಶಗಳನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಗಾಳಿ, ಅನ್ನಪಾನ, ನಿದ್ದೆ-ಎಚ್ಚರಗಳ ಜೊತೆ ದೇಹದ ಚಲನೆ ಮತ್ತು ಮನಸ್ಸಿನ ಚಲನೆಯೂ ಆ ಪಟ್ಟಿಯಲ್ಲಿವೆ. ಭಯದಿಂದ ಮನೆ ಹಿಡಿದ ಹಿರಿಯರಲ್ಲಿ ಎರಡೂ ನಿಂತುಹೋಗುತ್ತವೆ. ಕೀಲು ಬಿಗಿಯುತ್ತದೆ, ಸ್ನಾಯು ಕರಗುತ್ತದೆ, ಮುಂದಿನ ಸಲ ಬೀಳುವ ಸಾಧ್ಯತೆ ಹೆಚ್ಚುತ್ತದೆ. ಔಷಧಿಯಿಂದ ಅದನ್ನು ತುಂಬಿಕೊಡಲು ನನ್ನಿಂದಾಗದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಕಲಂ ಬಸ್ಸು ನಿಲ್ದಾಣ, ರೈಲು ನಿಲ್ದಾಣಗಳ ಟಿಕೆಟ್ ಕೌಂಟರ್, ಟಿಕೆಟ್ ಯಂತ್ರ, ಶೌಚಾಲಯಗಳು ಎಲ್ಲರೂ ಬಳಸುವಂತಿರಬೇಕು ಎನ್ನುತ್ತದೆ. ಅಗಲದ ಗೇಟು ತೆರೆಸಿಕೊಳ್ಳುವುದು ಯಾರ ಉಪಕಾರವೂ ಅಲ್ಲ, ಹಕ್ಕು. ನಮ್ಮ ಚರಿತ್ರೆ ನೋಡಿ. ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಕಣ್ಣು ಕಾಣದವರು. ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು. ಪ್ರವಾದಿ(ಸ) ಊರಿಂದ ಹೊರಗೆ ಹೋದಾಗ ಹಲವು ಸಲ ಊರಿನ ಹೊಣೆಯೂ ಅವರದ್ದೇ. ಅಂಥವರನ್ನು ಮನೆಯ ಮೂಲೆಯಲ್ಲಿ ಕೂರಿಸಿದ ಸಮಾಜ ಅದಾಗಿರಲಿಲ್ಲ. ದಾರಿಯಲ್ಲಿನ ತೊಡಕನ್ನು ಸರಿಸುವುದು ಸದಕಾ ಎಂದು ಮಕ್ಕಳಿಗೆ ಕಲಿಸುತ್ತೇವೆ. ಗೇಟಿನ ಸಾಲಿನಲ್ಲಿ ಮುಂದಿನವರು ನಿಧಾನವಾದಾಗ ಗೊಣಗದೆ ಕಾಯುವುದನ್ನೂ ಅದರ ಜೊತೆಗೇ ಕಲಿಸೋಣ.

ಆ ತಾಯಿಗೂ ಮಗನಿಗೂ ನಾನು ಇದನ್ನೆಲ್ಲ ಕೂರಿಸಿ ಹೇಳಿದೆ. ದವಾಖಾನೆಯ ಎರಡು ಬೆಂಚುಗಳನ್ನು ಎದುರುಬದುರು ಇಟ್ಟು, ನಡುವೆ ವಾಕರ್ ಹಿಡಿದು ನಾಲ್ಕು ಸಲ ನಡೆಸಿದೆ. ಮಗ ಹಿಂದೆ ನಿಲ್ಲುವುದನ್ನು ಕಲಿತ. ಮರುವಾರ ಅವರು ಕಣ್ಣಿನ ಆಸ್ಪತ್ರೆಗೆ ಹೋದರು. ತಪ್ಪಿಸಿದ ತಿಂಗಳುಗಳಲ್ಲಿ ಬಲಗಣ್ಣಿನ ನೋಟ ಸ್ವಲ್ಪ ಇಳಿದಿತ್ತು. ಅದು ಹಿಂದಕ್ಕೆ ಬರಲಿಕ್ಕಿಲ್ಲ, ಉಳಿದದ್ದನ್ನು ಕಾಪಾಡಬಹುದು ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ಒಂದು ಗೇಟಿನ ಭಯಕ್ಕೆ ತೆತ್ತ ಬೆಲೆ ಅದು.

ಮೊನ್ನೆ ಮಗ ಒಬ್ಬನೇ ಔಷಧಿಗೆ ಬಂದಿದ್ದ. "ಅಮ್ಮಿ ಎಲ್ಲಿ ಬೇಟಾ?" ಎಂದೆ. "ತಂಗಿ ಜೊತೆ ಬೆಂಗಳೂರಿಗೆ ಹೋಗಿದ್ದಾರೆ. ನೀನು ಬರಬೇಡ, ನೀನು ಅವಸರ ಮಾಡುತ್ತೀಯ ಅಂದರು" ಎಂದು ನಕ್ಕ.